ನಾಲ್ಕರ ಬಸ್ಸಿನವರನ್ನು ಎನ್‌ಎಸ್‌ಎಸ್‌ಗೆ ಸೇರಿಸಿಕೊಂಡ ಬಗೆ

ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಂದರೆ ವಿದ್ಯಾರ್ಥಿಗಳು ಊರ ಕೆಲಸ ಮಾಡುವ ಸಂಘಟನೆ. ಅದರ ಘಟಕ ಪ್ರತಿ ವರ್ಷ ಹೆಚ್ಚುಕಡಿಮೆ ಅರ್ಧ ಖಾಲಿಯಾಗುತ್ತದೆ. ಒಂದು ಘಟಕಕ್ಕೆ 100 ಸ್ವಯಂಸೇವಕರು. ಒಬ್ಬೊಬ್ಬರ ಅವಧಿ ಎರಡು ವರ್ಷ. ಹಳಬರು ಹೋದಷ್ಟು ಹೊಸಬರು ಬರಬೇಕು. ಬರದಿದ್ದರೆ ಕೆಲಸವೆಲ್ಲ ಉಳಿದವರ ಮೇಲೆ ಬೀಳುತ್ತದೆ, ಆಮೇಲೆ ಅವರೂ ಬೇಸತ್ತು ಬಿಡುತ್ತಾರೆ. ಧಾರವಾಡದ ನಮ್ಮ ಪದವಿ ಕಾಲೇಜಿನಲ್ಲಿ ಹೊಸಬರನ್ನು ಸೇರಿಸುವುದು ಮೊದಲಿನಿಂದಲೂ ಹಳೆಯ ಸ್ವಯಂಸೇವಕರ ಕೆಲಸ. ನಾನು ಬಿ.ಎ. ಕೊನೆಯ ವರ್ಷಕ್ಕೆ ಬಂದಾಗ ನನ್ನ ಎರಡು ವರ್ಷ ಮುಗಿದಿದ್ದವು. ಆದರೂ ಘಟಕ ನೋಡಿಕೊಳ್ಳುವ ಕಾರ್ಯಕ್ರಮಾಧಿಕಾರಿ ಮೇಡಂ ಸ್ಟಾಫ್ ರೂಮಿಗೆ ಕರೆದು ಹೇಳಿದರು: "ಈ ಸಲ ಹೊಸಬರನ್ನ ಸೇರ್ಸೂದು ನೀನ ನೋಡ್ಕೋವಾ. ಜೋಡಿಗೆ ಯಾರ್ ಬೇಕೋ ಅವರನ್ನ ಕರ್ಕೋ."

ನನಗೆ ಖುಷಿಯೇ ಆಯಿತು. ಈ ಸಂಘಟನೆ ನನಗೆ ಬಹಳ ಕೊಟ್ಟಿದೆ. ಊರ ಮುಂದೆ ನಿಂತು ಮಾತಾಡುವ ಧೈರ್ಯ, ಸಲಿಕೆ ಹಿಡಿದು ಕೆಲಸ ಮಾಡಿದ ಗೆಳೆತನ, ಎರಡೂ ನನಗೆ ಸಿಕ್ಕಿದ್ದು ಅಲ್ಲೇ. ಹಾಗಾಗಿ ಜೊತೆಗಾರರನ್ನು ಆರಿಸುವಾಗ ಒಂದು ಲೆಕ್ಕ ಇಟ್ಟುಕೊಂಡೆ. ಅರ್ಧ ಜನ ಹಾಸ್ಟೆಲಿನವರು, ಅರ್ಧ ಜನ ಹಳ್ಳಿಯಿಂದ ದಿನಾ ಬಸ್ಸಿಗೆ ಓಡಾಡುವವರು. ನಮ್ಮ ಕಾಲೇಜಿನಲ್ಲಿ ಹುಡುಗರು ಇರುವುದೇ ಹಾಗೆ. ಉಪ್ಪಿನ ಬೆಟಗೇರಿ, ಅಮ್ಮಿನಬಾವಿ, ಗರಗ, ಹೆಬ್ಬಳ್ಳಿ, ನವಲಗುಂದ, ಕಲಘಟಗಿ, ಹೀಗೆ ನಾಲ್ಕೂ ಕಡೆಯಿಂದ ಬೆಳಗ್ಗೆ ಬಂದು ಸಂಜೆ ಹೋಗುವವರು ಬಹಳ. ಆದರೆ ಎನ್‌ಎಸ್‌ಎಸ್‌ನ ಮುಂದಾಳುಗಳಲ್ಲಿ ಅವರು ಕಾಣುತ್ತಿದ್ದದ್ದು ಕಡಿಮೆ.

ಮೊದಲು ನಾವು ಮಾಡಿದ್ದು ಹಿಂದಿನ ಹಾಜರಿ ಪುಸ್ತಕ ತೆಗೆದದ್ದು. ಭಾಷಣ ಬರೆಯುವುದು, ಪೋಸ್ಟರ್ ಹಚ್ಚುವುದು ಎಲ್ಲ ಆಮೇಲೆ. ಪುಸ್ತಕದಲ್ಲಿ ಒಂದು ವಿಷಯ ಕಣ್ಣಿಗೆ ಬಡಿಯಿತು. ಹೆಸರು ಕೊಡುವವರಿಗೆ ಯಾವತ್ತೂ ಬರ ಇರಲಿಲ್ಲ. ಸೇರಿದ ಮೊದಲ ಕೆಲವು ವಾರ ಪುಟದ ತುಂಬ ಸಹಿ. ಆಮೇಲೆ ಕೆಲವು ಸಾಲುಗಳು ಬರೀ ಖಾಲಿ. "ಆಸಕ್ತಿ ಇಲ್ಲದವರು ಬಿಟ್ಟು ಹೋದರು" ಅನ್ನುವುದು ಎಲ್ಲರೂ ಹೇಳುತ್ತಿದ್ದ ಮಾತು. ನಾವು ಖಾಲಿ ಸಾಲಿನ ಪ್ರತಿ ಹೆಸರಿನ ಪಕ್ಕ ಅವರ ಊರು ಬರೆದೆವು. ಬರೆಯುತ್ತ ಹೋದ ಹಾಗೆ ವಿಷಯ ತಾನೇ ತೆರೆದುಕೊಂಡಿತು. ಬಿಟ್ಟವರಲ್ಲಿ ಹೆಚ್ಚಿನವರು ಬಸ್ಸಿನವರು. ಉಳಿದವರಲ್ಲಿ ಹೆಚ್ಚಿನವರು ಹಾಸ್ಟೆಲಿನವರು, ಇಲ್ಲವೇ ಸಪ್ತಾಪುರ, ಸಾಧನಕೇರಿ ಕಡೆ ರೂಮು ಮಾಡಿಕೊಂಡಿರುವವರು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಘಟಕದ ವಾರದ ಕೆಲಸ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುತ್ತಿತ್ತು. ಅವತ್ತು ಕ್ಲಾಸು ಒಂದು ಗಂಟೆಗೇ ಮುಗಿಯುತ್ತದೆ. ಹಾಸ್ಟೆಲಿನವರು ಮೆಸ್‌ನಲ್ಲಿ ಉಂಡು, ಸ್ವಲ್ಪ ಮಲಗಿ, ಮೂರಕ್ಕೆ ಬರಲು ಅನುಕೂಲ. ಹಳ್ಳಿಯವರು ಒಂದರಿಂದ ಮೂರರವರೆಗೆ ಸುಮ್ನೆ ಕೂಡಬೇಕು. ಕೂತರೂ ಅವರ ಊರಿನ ಬಸ್ಸು ನಾಲ್ಕಕ್ಕೆ. ಅದು ತಪ್ಪಿದರೆ ಮುಂದಿನದು ಕತ್ತಲಾಗುವ ಹೊತ್ತಿಗೆ ಕ್ರಾಸ್‌ನಲ್ಲಿ ಇಳಿಸುತ್ತದೆ. ಅಲ್ಲಿಂದ ಊರೊಳಗೆ ನಡೆಯಬೇಕು. ಹೆಣ್ಣುಮಕ್ಕಳಿಗೆ ಮನೆಯಲ್ಲಿ ಒಂದು ಸಲ ಬೈಗುಳ ಬಿದ್ದರೆ ಮುಗಿಯಿತು, ಮತ್ತೆ ಅವರು ಬರುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಸಾದಾ ಬಸ್ಸಿನ ಖರ್ಚು ಉಳಿದಿದೆ. ಅದು ದೊಡ್ಡ ಅನುಕೂಲವೇ. ಆದರೆ ಬಸ್ಸಿನ ವೇಳೆ ಅದರಿಂದ ಬದಲಾಗುವುದಿಲ್ಲವಲ್ಲ.

ಬರಲು ಆಗದವರು ಬೇರೆ, ಬರಲು ಮನಸ್ಸಿಲ್ಲದವರು ಬೇರೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ "ಈಗಿನ ಹುಡುಗರಿಗೆ ಸೇವೆ ಬೇಡ" ಅನ್ನುವುದು ನನಗೆ ಅನ್ಯಾಯ ಅನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಹಾಗಾಗಿ ಮೊದಲು ಬದಲಾಯಿಸಿದ್ದು ಫಾರ್ಮು. ಹಳೆಯದರಲ್ಲಿ ಹೆಸರು, ತರಗತಿ, ವಿಳಾಸ, ರಕ್ತದ ಗುಂಪು, ಫೋಟೋ ಇಷ್ಟೇ ಇತ್ತು. ನಾವು ಕೆಳಗೆ ಕೆಲವು ಸಾಲು ಸೇರಿಸಿದೆವು. ಯಾವ ಬಸ್ಸಿಗೆ ಬರುತ್ತೀರಿ, ಎಷ್ಟು ಗಂಟೆಯ ಬಸ್ಸಿಗೆ ಹೋಗಬೇಕು, ಕೊಟ್ಟ ಫೋನ್ ನಂಬರ್ ಯಾರದು, ಸಂಜೆ ಎಲ್ಲಾದರೂ ಕೆಲಸಕ್ಕೆ ಹೋಗುತ್ತೀರಾ, ವಾರದಲ್ಲಿ ಯಾವ ಹೊತ್ತು ಬಿಡುವು. ಮೇಡಂ ಓದಿ ನೋಡಿ, "ಇದನ್ನ ಮೊದಲ ಕೇಳಬೇಕಿತ್ತಲ್ಲ" ಅಂದರು. ಫೋನಿನ ಸಾಲು ಬಹಳ ಮುಖ್ಯ. ಬಹಳಷ್ಟು ಹುಡುಗಿಯರು ಕೊಡುವುದು ಅಪ್ಪನ ನಂಬರು, ಇಲ್ಲವೇ ಅಣ್ಣನದು. ವಾಟ್ಸಾಪ್ ಗುಂಪಿನಲ್ಲಿ ನಾವು ಹಾಕುವ ಸುದ್ದಿ ಹೊಲದಲ್ಲಿರುವ ಅಪ್ಪನ ಜೇಬಿಗೆ ಹೋಗಿ ಕೂಡುತ್ತದೆ. ಮಗಳಿಗೆ ತಿಳಿಯುವುದು ರಾತ್ರಿ, ಕೆಲವೊಮ್ಮೆ ತಿಳಿಯುವುದೇ ಇಲ್ಲ.

ಎರಡನೆಯದು ಕ್ಯಾಲೆಂಡರ್. ಪ್ರವೇಶ ಮುಗಿದು ತರಗತಿಗಳು ಕುದುರುವ ಹೊತ್ತಿಗೆ ಶ್ರಾವಣ ಬಂದಿರುತ್ತದೆ. ನಾಗರ ಪಂಚಮಿ ಅಂದರೆ ನಮ್ಮ ಕಡೆ ಎಷ್ಟು ದೊಡ್ಡ ಹಬ್ಬ ಅಂತ ಬೇರೆ ಹೇಳಬೇಕಾಗಿಲ್ಲ. ಉಂಡಿ ಕಟ್ಟುವುದು, ಜೋಕಾಲಿ ಆಡುವುದು, ಅಕ್ಕಂದಿರು ತವರಿಗೆ ಬರುವುದು. ಆ ವಾರ ಕಾಲೇಜು ಖಾಲಿ. ಅದು ಮುಗಿಯಿತು ಅನ್ನುವಷ್ಟರಲ್ಲಿ ನವಲಗುಂದ ಕಡೆಯ ಎರೆ ನೆಲದಲ್ಲಿ ಹೆಸರುಕಾಯಿ ಬಿಡಿಸುವ ಕಾಲ. ಆಳು ಸಿಗುವುದಿಲ್ಲ, ಮಳೆ ಬಂದರೆ ಕಾಯಿ ಕೆಡುತ್ತದೆ. ಕಾಲೇಜಿಗೆ ಬರುವ ಮಕ್ಕಳೂ ಹೊಲಕ್ಕೆ ಇಳಿಯುತ್ತಾರೆ. ಅದರ ಹಿಂದೆಯೇ ಗಣಪತಿ. ಇಷ್ಟರ ನಡುವೆ ಜಾಗ ಹುಡುಕಿ ನಾವು ದಿನ ಗೊತ್ತು ಮಾಡಿದೆವು. ತರಗತಿಗೆ ಹೋಗಿ ಹೇಳುವುದು ಪಂಚಮಿಗೆ ಮೊದಲು. ಒಂದು ಸಣ್ಣ ಕೆಲಸ ಕೊಟ್ಟು ನೋಡುವುದು ಪಂಚಮಿ ಆದ ಮೇಲೆ. ಹೆಸರು ಪಕ್ಕಾ ಮಾಡುವುದು ಸೆಪ್ಟೆಂಬರ್ 24ರ ಒಳಗೆ, ಯಾಕಂದರೆ ಅವತ್ತು ಎನ್‌ಎಸ್‌ಎಸ್ ದಿನ. ಹೆಸರುಕಾಯಿ ಬಿಡಿಸಲು ಹೋದವರಿಗೆ ಫಾರ್ಮು ಕೊಡಲು ಕೊನೆಯವರೆಗೂ ಬಾಗಿಲು ತೆರೆದೇ ಇಟ್ಟಿದ್ದೆವು.

ತರಗತಿಗಳಲ್ಲಿ ಮಾತಾಡುವುದು ಸುಲಭದ ಕೆಲಸ ಅಲ್ಲ. ಪಾಠದ ನಡುವೆ ಹತ್ತು ನಿಮಿಷ ಕೇಳಿಕೊಂಡು ಹೋಗಬೇಕು. ಕೆಲವು ಸರ್‌ಗಳು ಖುಷಿಯಿಂದ ಕೊಡುತ್ತಾರೆ, ಕೆಲವರು ಗಡಿಯಾರ ನೋಡುತ್ತಾರೆ. ನಾವು ಇತಿಹಾಸ ಬಹಳ ಹೇಳಲಿಲ್ಲ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಇದು ಶುರುವಾಯಿತು. ಆಗ ಕೇಂದ್ರದಲ್ಲಿ ಶಿಕ್ಷಣ ಮಂತ್ರಿಯಾಗಿದ್ದವರು ವಿ.ಕೆ.ಆರ್.ವಿ. ರಾವ್. 'ನನಗಲ್ಲ, ನಿನಗೆ' ಅನ್ನುವುದು ಇದರ ಧ್ಯೇಯ. ಇಷ್ಟು ಹೇಳಿ ನೇರ ಕೆಲಸಕ್ಕೆ ಬರುತ್ತಿದ್ದೆವು. ವರ್ಷಕ್ಕೆ 120 ತಾಸು, ಎರಡು ವರ್ಷಕ್ಕೆ 240 ತಾಸು ಕೆಲಸ. ಜೊತೆಗೆ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಎರಡೂ ಆದರೆ ಪ್ರಮಾಣಪತ್ರ.

ಪ್ರಶ್ನೆಗಳು ಬಂದವು. ಬರಬೇಕು ಕೂಡ. ಎಲ್ಲ ಕ್ಲಾಸಿನಲ್ಲೂ ಮೊದಲ ಪ್ರಶ್ನೆ ಒಂದೇ: "ಎನ್‌ಸಿಸಿ ಚಲೋನ್ರಿ, ಎನ್‌ಎಸ್‌ಎಸ್ ಚಲೋನ್ರಿ?" ಎನ್‌ಸಿಸಿ ಅಂದರೆ ಸೈನ್ಯದ ರೀತಿ ತರಬೇತಿ ಕೊಡುವ ವಿದ್ಯಾರ್ಥಿ ದಳ. ಧಾರವಾಡದಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಪಿಎಸ್‌ಐ, ಕಾನ್‌ಸ್ಟೇಬಲ್, ಸೈನ್ಯ ಅಂತ ಓಡುವ ಅಭ್ಯಾಸ ಮಾಡುವ ಹುಡುಗರು ಬೆಳಗಾಗುವ ಮೊದಲೇ ಮೈದಾನದಲ್ಲಿರುತ್ತಾರೆ. ನಮ್ಮ ತಂಡದಲ್ಲಿ ಒಬ್ಬ, "ನಮ್ದ ಚಲೋ ಅಂತ ಹೇಳ್ಬೇಕು, ಇಲ್ಲಂದ್ರ ಯಾರೂ ಬರೂದಿಲ್ಲ" ಅಂದ. ನಾನು ಒಪ್ಪಲಿಲ್ಲ. ಸೈನ್ಯಕ್ಕೆ ಹೋಗುವ ಆಸೆ ಇದ್ದರೆ ಎನ್‌ಸಿಸಿಗೇ ಹೋಗಿ, ಅಲ್ಲಿ ಕವಾಯತು ಕಲಿಸುತ್ತಾರೆ, 'ಸಿ' ಸರ್ಟಿಫಿಕೇಟಿಗೆ ಸೈನ್ಯದ ಆಯ್ಕೆಯಲ್ಲಿ ಬೆಲೆ ಇದೆ ಅಂತ ನೇರವಾಗಿ ಹೇಳಿದೆ. ಊರಿನ ಕೆಲಸ ಮಾಡುವ ಮನಸ್ಸಿದ್ದರೆ, ಜನರ ಜೊತೆ ಕೂತು ಮಾತಾಡುವುದು ಕಲಿಯಬೇಕಿದ್ದರೆ ನಮ್ಮ ಕಡೆ ಬನ್ನಿ ಅಂದೆ. ಈ ಮಾತು ಕೇಳಿ ಎನ್‌ಸಿಸಿಗೆ ಹೋದವರೂ ಇದ್ದಾರೆ. ಅವರಲ್ಲಿ ಒಬ್ಬ ತನ್ನ ತಂಗಿಯನ್ನು ನಮ್ಮಲ್ಲಿಗೆ ಕಳಿಸಿದ.

"ಮಾರ್ಕ್ಸ್ ಬರ್ತಾವೇನ್ರಿ?" ಅಂತಲೂ ಕೇಳಿದರು. ಮುಂದೆ ಕೆಲವು ಸ್ನಾತಕೋತ್ತರ ಪ್ರವೇಶಗಳಲ್ಲಿ ಈ ಪ್ರಮಾಣಪತ್ರಕ್ಕೆ ಲೆಕ್ಕ ಇದೆ ಅಂದೆವು. ನೌಕರಿ ಗ್ಯಾರಂಟಿ ಅಂತ ಯಾರಿಗೂ ಹೇಳಲಿಲ್ಲ. ಇನ್ನೊಂದು ಹೆದರಿಕೆ ರಕ್ತದ್ದು. ಎನ್‌ಎಸ್‌ಎಸ್‌ಗೆ ಸೇರಿದರೆ ಕಡ್ಡಾಯವಾಗಿ ರಕ್ತ ಕೊಡಬೇಕು ಅಂತ ಯಾರೋ ಸುದ್ದಿ ಹಬ್ಬಿಸಿದ್ದರು. ಹಾಗೇನೂ ಇಲ್ಲ. ಕೊಡುವ ಮನಸ್ಸಿದ್ದವರೂ 18 ವರ್ಷ ದಾಟಿರಬೇಕು, ತೂಕ ಕಡಿಮೆ ಅಂದರೂ 45 ಕೆ.ಜಿ. ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಮೊದಲ ವರ್ಷದ ಬಹಳ ಜನರಿಗೆ ಇನ್ನೂ ವಯಸ್ಸೇ ಆಗಿರುವುದಿಲ್ಲ. ಹಿಂದಿನ ಶಿಬಿರಗಳಲ್ಲಿ ಕೊಡಲು ಬಂದ ಎಷ್ಟೋ ಹುಡುಗಿಯರನ್ನು ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಕಳಿಸಿದ್ದು ನಾನೇ ನೋಡಿದ್ದೇನೆ. ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಮುಖಗಳು ಸಡಿಲವಾದವು.

ಇಷ್ಟು ಮಾತಾಡಿದರೂ ತರಗತಿಯಲ್ಲಿ ಕೈ ಎತ್ತಿದವರು ಬಹುತೇಕ ಹಾಸ್ಟೆಲಿನವರೇ. ಹಳ್ಳಿಯ ಹುಡುಗಿಯರು ನಾಲ್ಕು ಜನರ ಮುಂದೆ ಕೈ ಎತ್ತುವುದು ಅಪರೂಪ. ಅವರ ಮಾತು ಶುರುವಾಗುವುದು ಬಸ್ಸಿನಲ್ಲಿ.

ಅದಕ್ಕೇ ನಾವು ಹಳೆಯ ಸ್ವಯಂಸೇವಕರಿಗೆ ತರಗತಿಯ ಬದಲು ಬಸ್ಸಿನ ರೂಟು ಹಂಚಿದೆವು. ಸವದತ್ತಿ ರೋಡಿಗೆ ಒಬ್ಬಳು, ಗರಗದ ಕಡೆಗೆ ಒಬ್ಬ, ನವಲಗುಂದಕ್ಕೆ ಒಬ್ಬ, ಕಲಘಟಗಿಗೆ ಒಬ್ಬಳು. ಅವರು ತಮ್ಮದೇ ಬಸ್ಸಿನಲ್ಲಿ, ತಮ್ಮ ಪಕ್ಕ ಕೂತ ಹೊಸ ಮುಖದ ಜೊತೆ ಮಾತಾಡಬೇಕು, ಅಷ್ಟೇ. ಹಳೇ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುವ ಹೊತ್ತೂ ಇದಕ್ಕೆ ಬಂತು. ಅಲ್ಲಿ ಯಾರಿಗೂ ಅವಸರ ಇರುವುದಿಲ್ಲ, ಯಾರೂ ವೇದಿಕೆಯ ಮೇಲೂ ಇರುವುದಿಲ್ಲ. ಉಪ್ಪಿನ ಬೆಟಗೇರಿ ಕಡೆಯ ಎರಡನೇ ವರ್ಷದ ಹುಡುಗಿಯೊಬ್ಬಳು ಮಾತು ಬಹಳ ಕಡಿಮೆ. ಕ್ಲಾಸಿಗೆ ಬಂದು ಹೇಳು ಅಂದರೆ ಒಲ್ಲೆ ಅಂದಿದ್ದಳು. ಅವಳು ಬಸ್ಸಿನಲ್ಲಿ ತಂದ ಹೆಸರುಗಳು ನಮ್ಮೆಲ್ಲರ ಕ್ಲಾಸಿನ ಮಾತಿಗಿಂತ ಜಾಸ್ತಿ.

ಒಂದು ದಿನ ನಾನೂ ಅವಳ ಜೊತೆ ಆ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ, ನಿಂತೇ ಹೋದೆವು. ಮೊದಲ ವರ್ಷದ ಹುಡುಗಿಯೊಬ್ಬಳು ಕೇಳಿದಳು.

"ಏನ್ ಕೆಲಸ ಇರತೈತಿ ಅಕ್ಕಾ?"

"ಗಿಡ ಹಚ್ಚೂದು, ಕೆರಿ ದಂಡಿ ಸ್ವಚ್ಛ ಮಾಡೂದು, ಶಾಲಿ ಹುಡುಗರಿಗೆ ಓದಸೂದು."

"ಇದನ್ನ ನಾವು ಮನ್ಯಾಗ ದಿನಾ ಮಾಡ್ತೀವಲ್ಲ?"

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನಿಜ ಅಲ್ವಾ? ಬೆಳಗ್ಗೆ ಸಗಣಿ ಬಾಚಿ, ನೀರು ಹೊತ್ತು, ರೊಟ್ಟಿ ಬಡಿದು ಕಾಲೇಜಿಗೆ ಬರುವ ಹುಡುಗಿಗೆ ಶ್ರಮದಾನ ಅನ್ನುವುದು ಹೊಸ ವಿಷಯ ಅಲ್ಲ. ಅವಳಿಗೆ ನಾವು ಏನು ಕೊಡುತ್ತೇವೆ ಅನ್ನುವುದನ್ನು ಯೋಚಿಸಿ ಹೇಳಬೇಕು. ಉಪ್ಪಿನ ಬೆಟಗೇರಿಯವಳೇ ಉತ್ತರ ಕೊಟ್ಟಳು: "ಮನ್ಯಾಗ ಮಾಡ್ತೀ, ಖರೆ. ಯಾರರ ನಿನ್ನ ಕೇಳ್ತಾರೇನ, ಹೆಂಗ ಮಾಡೂಣು ಅಂತ? ಇಲ್ಲೆ ಕೇಳ್ತಾರ. ನೀ ಹೇಳಿದಂಗ ಮಾಡ್ತಾರ." ಆ ಹುಡುಗಿ ಅವತ್ತು ಏನೂ ಹೇಳಲಿಲ್ಲ. ಸೋಮವಾರ ಫಾರ್ಮು ತುಂಬಿ ತಂದಳು.

ಅವಳ ಮಾತು ಖರೆ ಮಾಡುವ ಹೊಣೆ ನಮ್ಮ ಮೇಲಿತ್ತು. ಪಂಚಮಿ ಆದ ಮೇಲೆ ಹೊಸಬರಿಗೆ ಇಟ್ಟ ಮೊದಲ ಕೆಲಸ ಕ್ಯಾಂಪಸ್ಸಿನ ಹಿಂದೆ ಗಿಡ ಹಚ್ಚುವುದು. ಎಷ್ಟು ಆಳ ಗುಂಡಿ ತೋಡಬೇಕು, ಈ ಮಣ್ಣಿಗೆ ಯಾವ ಗಿಡ ಬಾಳುತ್ತದೆ, ನೀರು ನಿಲ್ಲದ ಹಾಗೆ ಪಾತಿ ಹೇಗೆ ಕಟ್ಟಬೇಕು ಅಂತ ಹಳ್ಳಿಯ ಹುಡುಗರನ್ನೇ ಕೇಳಿದೆವು. ಪೇಟೆಯ ಹುಡುಗರು ಅವರ ಕೈಯಿಂದ ಗುದ್ದಲಿ ಹಿಡಿಯುವುದು ಕಲಿತರು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂಡುತ್ತಿದ್ದ ನವಲಗುಂದ ಕಡೆಯ ಹುಡುಗನೊಬ್ಬ ಅವತ್ತು ಎಲ್ಲರಿಗೂ ಹೇಳಿ ಕೆಲಸ ಮಾಡಿಸಿದ. ಅವನ ದನಿ ಅಷ್ಟು ದೊಡ್ಡದು ಅಂತ ಅವನ ಕ್ಲಾಸಿನವರಿಗೇ ಗೊತ್ತಿರಲಿಲ್ಲ. ಹೆಸರು ಬರೆಸಿಕೊಳ್ಳುವ ಮೊದಲು ಒಂದು ಕೆಲಸ ಮಾಡಿಸಿ ನೋಡುವುದು ಇಬ್ಬರಿಗೂ ಒಳ್ಳೆಯದು. ಬಂದವರಿಗೆ ಇದು ತಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಕರೆದವರಿಗೆ ಯಾರ ಕೈಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ.

ಆದರೆ ವೇಳೆ ಬದಲಾಗದೆ ಇದೆಲ್ಲ ನಿಲ್ಲುವ ಹಾಗಿರಲಿಲ್ಲ. ಫಾರ್ಮುಗಳನ್ನು ಬಸ್ಸಿನ ಪ್ರಕಾರ ಜೋಡಿಸಿ ಮೇಡಂ ಟೇಬಲ್ ಮೇಲೆ ಇಟ್ಟೆವು. ಶನಿವಾರದ ಕೆಲಸ ಮೂರಕ್ಕೆ ಬೇಡ, ಕ್ಲಾಸು ಬಿಟ್ಟ ಕೂಡಲೇ ಶುರು ಮಾಡಿ ಮೂರೂವರೆಗೆ ಮುಗಿಸೋಣ ಅಂದೆವು. ಹಾಸ್ಟೆಲಿನವರು ತಕರಾರು ತೆಗೆದರು. ಮೆಸ್ಸು ಎರಡಕ್ಕೆ ಮುಚ್ಚುತ್ತದೆ, ನಾವು ಉಣ್ಣುವುದು ಯಾವಾಗ? ಅದೂ ನ್ಯಾಯದ ಮಾತೇ. ಮೇಡಂ ಹಾಸ್ಟೆಲಿನವರ ಜೊತೆ ಮಾತಾಡಿ ಶನಿವಾರ ಡಬ್ಬಿ ಕಟ್ಟಿಸಿಕೊಳ್ಳುವ ವ್ಯವಸ್ಥೆ ಮಾಡಿದರು. ಹಳ್ಳಿಯವರ ಬುತ್ತಿ ಹೇಗೂ ಬೆಳಗ್ಗೆಯೇ ಬಂದಿರುತ್ತದೆ. ಹಾಗಾಗಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ರೂಢಿಯಾಯಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ ಒಂದು ಕಡೆ, ಮೆಸ್ಸಿನ ಚಪಾತಿ, ಅನ್ನ ಸಾರು ಇನ್ನೊಂದು ಕಡೆ. ಅರ್ಧ ತಾಸಿನ ಆ ಊಟದಲ್ಲಿ ಆದಷ್ಟು ಪರಿಚಯ ಯಾವ ಸಭೆಯಲ್ಲೂ ಆಗಿಲ್ಲ ಅಂತ ನನಗೆ ಅನಿಸುತ್ತದೆ.

ಇನ್ನೊಂದು ಅಡ್ಡಿ ಬಸ್ ಪಾಸ್. ವಿದ್ಯಾರ್ಥಿ ಪಾಸು ಊರಿನಿಂದ ಕಾಲೇಜಿಗೆ ಹೋಗಿ ಬರುವ ದಾರಿಗೆ ಮಾತ್ರ. ಘಟಕ ತನ್ನ ಕೆಲಸಕ್ಕೆಂದು ದತ್ತು ತೆಗೆದುಕೊಂಡ ಹಳ್ಳಿ ಬೇರೆ ದಿಕ್ಕಿಗಿದ್ದರೆ ಹುಡುಗರು ಕೈಯಿಂದ ಟಿಕೆಟ್ ತೆಗೆಸಬೇಕು. ಸಣ್ಣ ದುಡ್ಡು ಅಂತ ನಮಗೆ ಅನಿಸಬಹುದು, ಲೆಕ್ಕ ಹಾಕಿ ಕೊಡುವ ಮನೆಯಲ್ಲಿ ಅದು ಸಣ್ಣದಲ್ಲ. ನಿಯಮದ ಪ್ರಕಾರ ವರ್ಷದ 120 ತಾಸಿನಲ್ಲಿ ಕ್ಯಾಂಪಸ್ ಕೆಲಸ 30 ತಾಸು ಮೀರುವ ಹಾಗಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಹೊರಗೆ, ಜನರ ನಡುವೆ ಆಗಬೇಕು. ಹಾಗಾಗಿ ಹಳ್ಳಿ ಎಲ್ಲಿದೆ ಅನ್ನುವುದು ಸಣ್ಣ ವಿಷಯ ಅಲ್ಲ. ಆ ವರ್ಷ ದತ್ತು ಹಳ್ಳಿ ಬದಲಾಯಿಸುವ ಹೊತ್ತು ಬಂದಿತ್ತು. ನಾವು ಸವದತ್ತಿ ರೋಡಿನ ಮೇಲಿನ ಒಂದು ಊರು ಕೇಳಿದೆವು. ನಮ್ಮ ಬಸ್ಸಿನವರಲ್ಲಿ ಹೆಚ್ಚು ಜನ ಆ ದಾರಿಯವರು. ಕೆಲಸ ಮುಗಿದ ಮೇಲೆ ಅವರು ಧಾರವಾಡಕ್ಕೆ ವಾಪಸ್ ಬರಬೇಕಿಲ್ಲ. ಅಲ್ಲಿಯೇ ರೋಡಿಗೆ ಬಂದು ನಿಂತರೆ ತಮ್ಮ ಊರಿನ ಬಸ್ಸು ಸಿಗುತ್ತದೆ. ಹಾಜರಿಯನ್ನೂ ಅಲ್ಲಿಯೇ ಹಾಕಿದೆವು. ಬೇರೆ ರೂಟಿನವರಿಗೆ ಇದರಿಂದ ಲಾಭ ಆಗಲಿಲ್ಲ, ನಿಜ. ಗರಗ ಮತ್ತು ಕಲಘಟಗಿ ಕಡೆಯವರಿಗೆ ವಾರದ ನಡುವೆ ಬೆಳಗಿನ ಹೊತ್ತು ಕೆಲಸ ಇಟ್ಟೆವು. ಗ್ರಂಥಾಲಯದ ಪುಸ್ತಕ ಜೋಡಿಸುವುದು, ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಓದಿಸುವುದು, ಕೆಲಗೇರಿ ಕೆರೆಯ ದಂಡೆಯ ಪ್ಲಾಸ್ಟಿಕ್ ಆರಿಸುವುದು.

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಶಿಬಿರದ ಒಪ್ಪಿಗೆ. ಏಳು ದಿನ, ಏಳು ರಾತ್ರಿ ಮನೆ ಬಿಟ್ಟು ಇರಬೇಕು. ಘಟಕದ 100 ಜನರಲ್ಲಿ 50 ಜನ ಆ ವರ್ಷದ ಶಿಬಿರಕ್ಕೆ ಹೋಗುತ್ತಾರೆ. ಮೊದಲೆಲ್ಲ ಶಿಬಿರ ಹತ್ತಿರ ಬಂದಾಗ ಮನೆಗೆ ಚೀಟಿ ಕಳಿಸುವ ಪದ್ಧತಿ. ಆಗ ಮನೆಯವರು ಬೇಡ ಅಂದರೆ ಹುಡುಗಿ ಅತ್ತುಕೊಂಡು ಘಟಕವನ್ನೇ ಬಿಡುತ್ತಿದ್ದಳು. ಹಾಗಾಗಿ ನಾವು ಸೇರುವ ದಿನವೇ ಶಿಬಿರದ ವಿಷಯ ಬಿಡಿಸಿ ಹೇಳಿದೆವು. ಯಾರ ಮನೆಯಲ್ಲಿ ಸಂಶಯ ಇದೆಯೋ ಅವರ ಮನೆಗೆ ಹೋಗಲು ತಯಾರಾದೆವು. ಫೋನಿನಲ್ಲಿ ಇದು ಆಗುವ ಕೆಲಸ ಅಲ್ಲ.

ಅಮ್ಮಿನಬಾವಿ ಆಚೆಯ ಒಂದು ಮನೆಗೆ ಹೋದದ್ದು ಚೆನ್ನಾಗಿ ನೆನಪಿದೆ. ಅವ್ವ ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಒಂದೊಂದೇ ಕೇಳಿದರು.

"ಹೆಣ್ಣಹುಡುಗ್ಯಾರು ಎಲ್ಲಿ ಮಲಗತಾರ್ವಾ?"

"ಸಾಲಿ ಖೋಲಿ ಒಳಗ ರಿ ಅವ್ವಾರ. ಹುಡುಗರದು ಬ್ಯಾರೆ ಕಡೆ. ನಮ್ಮ ಮೇಡಮ್ಮರು ನಮ್ಮ ಜೋಡೀನ ಮಲಗತಾರ್ರಿ."

"ಮತ್ತ ಹೊರಗ ಹೋಗಬೇಕಂದ್ರ?"

ಅವರು ಕೇಳಿದ್ದು ಶೌಚಾಲಯದ ವಿಷಯ. ಅದನ್ನು ನಾವು ಮೊದಲೇ ಹೋಗಿ ನೋಡಿಕೊಂಡು ಬಂದಿದ್ದೆವು. ಬಾಗಿಲಿಗೆ ಚಿಲಕ ಇದೆಯಾ, ನೀರು ಬರುತ್ತದಾ, ರಾತ್ರಿ ದೀಪ ಇದೆಯಾ, ಎಲ್ಲ ಹೇಳಿದೆ. ಅವ್ವ ತಲೆ ಆಡಿಸಿದರು. ಹುಡುಗಿಯ ಅಪ್ಪ ಅಷ್ಟು ಹೊತ್ತು ಸುಮ್ಮನೆ ಕೂತಿದ್ದವರು ಒಂದೇ ಮಾತು ಕೇಳಿದರು: "ಯಾವ ತಿಂಗಳ ರಿ? ಹತ್ತಿ ಬಿಡಸೂ ಹೊತ್ತಿನ್ಯಾಗ ಆದ್ರ ತ್ರಾಸ ಆಕ್ಕೈತಿ." ಮಗಳನ್ನು ಕಳಿಸಲು ಅವರಿಗೆ ಮನಸ್ಸಿತ್ತು. ಅವರ ಚಿಂತೆ ಆಳಿನದು. ಬರಿದೆ ಪರೀಕ್ಷೆಯ ವೇಳಾಪಟ್ಟಿ ನೋಡಿ ದಿನಾಂಕ ಇಡುವ ಬದಲು ಇಂಥ ಮನೆಗಳಲ್ಲಿ ಕೇಳಿಕೊಂಡು ಇಡಬೇಕು ಅಂತ ಮೇಡಂಗೆ ಹೇಳಿದೆ. ಅವರು ಎರಡು ದಿನಾಂಕ ಹಿಡಿದುಕೊಂಡು ಬಸ್ಸಿನವರನ್ನೆಲ್ಲ ಕೇಳಿಸಿ, ಆಮೇಲೆ ಒಂದನ್ನು ಪಕ್ಕಾ ಮಾಡಿದರು. ಆ ಹುಡುಗಿ ಶಿಬಿರಕ್ಕೆ ಬಂದಳು. ರಾತ್ರಿಯ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಊರಿನ ಹೆಂಗಸರನ್ನು ಮನೆಮನೆಗೆ ಹೋಗಿ ಕರೆದವಳೂ ಅವಳೇ. ಪೇಟೆಯ ಹುಡುಗಿ ಕರೆದರೆ "ಆತವಾ, ನೋಡೂಣು" ಅಂದು ಕಳಿಸುವ ಹೆಂಗಸರು ಇವಳ ಮಾತಿಗೆ ಚಾಪೆ ಹಿಡಿದು ಬಂದರು.

ಎಲ್ಲ ಮನೆಯಲ್ಲೂ ಹೀಗೆ ಆಗಲಿಲ್ಲ. ಒಂದು ಮನೆಯಲ್ಲಿ ಅಣ್ಣ ಬಾಗಿಲಲ್ಲೇ ನಿಂತು, "ಕಾಲೇಜಿಗೆ ಕಳಸೂದ ಹೆಚ್ಚು" ಅಂದ. ನಾವು ವಾದ ಮಾಡಲಿಲ್ಲ. ವಾದ ಮಾಡಿದ್ದರೆ ಅವಳ ಕಾಲೇಜಿಗೇ ಕುತ್ತು ಬರುತ್ತಿತ್ತು. ಆ ಹುಡುಗಿಗೆ ಶಿಬಿರ ಇಲ್ಲದೆ ಕ್ಯಾಂಪಸ್ ಕೆಲಸದಲ್ಲಿ ಜಾಗ ಇಟ್ಟೆವು. ಪ್ರಮಾಣಪತ್ರ ಸಿಗುವುದು ಕಷ್ಟ ಅಂತ ಅವಳಿಗೂ ಗೊತ್ತು. ಆದರೂ ತಪ್ಪದೆ ಬರುತ್ತಾಳೆ.

ಸೆಪ್ಟೆಂಬರ್ 24ಕ್ಕೆ ಘಟಕ ತುಂಬಿತು. ಕೆಂಪು ನೀಲಿ ಬ್ಯಾಡ್ಜ್ ಹಚ್ಚುವಾಗ ಅದರ ಮೇಲಿನ ಚಕ್ರ ಕೋಣಾರ್ಕದ ಸೂರ್ಯ ದೇವಾಲಯದ್ದು, ಎಂಟು ಅರೆಗಳು ದಿನದ ಎಂಟು ಪ್ರಹರ ಅಂತ ಮೇಡಂ ಹೊಸಬರಿಗೆ ಹೇಳಿದರು. ನನಗೆ ಆ ದಿನಕ್ಕಿಂತ ಅದರ ಮುಂದಿನ ತಿಂಗಳು ಮುಖ್ಯ ಆಗಿತ್ತು. ಹಾಜರಿ ಪುಸ್ತಕದಲ್ಲಿ ಯಾವ ಸಾಲು ಖಾಲಿ ಬೀಳುತ್ತದೆ ಅಂತ ಪ್ರತಿ ವಾರ ನೋಡುತ್ತಿದ್ದೆ. ಎರಡು ವಾರ ಬರದಿದ್ದರೆ ಆ ಬಸ್ಸಿನ ಹಳಬರು ಹೋಗಿ ಕೇಳಬೇಕು, ಬೈಯಲು ಅಲ್ಲ, ಏನಾಯಿತು ಅಂತ ತಿಳಿಯಲು. ಒಬ್ಬನ ಅಪ್ಪನಿಗೆ ಆರಾಮ ಇರಲಿಲ್ಲ. ಒಬ್ಬಳ ಬಸ್ಸಿನ ವೇಳೆಯೇ ಬದಲಾಗಿತ್ತು. ಇನ್ನೊಬ್ಬನಿಗೆ ಗುಂಪಿನಲ್ಲಿ ಯಾರೋ ಅವನ ಮಾತಿನ ಧಾಟಿ ಆಡಿಕೊಂಡಿದ್ದು ನೋವಾಗಿತ್ತು. ಅದನ್ನು ಅದೇ ದಿನ ಕೂಡಿಸಿ ಸರಿ ಮಾಡಿದೆವು. ಖಾಲಿ ಸಾಲುಗಳು ಪೂರ್ತಿ ಹೋಗಲಿಲ್ಲ, ಆದರೆ ಹಿಂದಿನ ಪುಟಗಳ ಪಕ್ಕ ಇಟ್ಟು ನೋಡಿದರೆ ಬಹಳ ಕಡಿಮೆಯಾದವು. ಬಸ್ಸಿನವರು ಉಳಿದರು.

ಸಂಜೆ ಕೆಲಸಕ್ಕೆ ಹೋಗುವ ಹುಡುಗರನ್ನು ಮಾತ್ರ ನಾವು ಇನ್ನೂ ಮುಟ್ಟಿಲ್ಲ. ಮೆಡಿಕಲ್ ಶಾಪು, ಖಾನಾವಳಿ, ಮದುವೆ ಸೀಸನ್ನಿನಲ್ಲಿ ಕೇಟರಿಂಗ್ ಅಂತ ದುಡಿದು ತಮ್ಮ ಫೀ ತಾವೇ ಕಟ್ಟುವವರು ನಮ್ಮ ಕಾಲೇಜಿನಲ್ಲಿ ಕಡಿಮೆ ಏನಿಲ್ಲ. ಫಾರ್ಮಿನ ಆ ಸಾಲಿಗೆ ಹೌದು ಅಂತ ಬರೆದವರಲ್ಲಿ ಸೇರಿದವರು ಕೆಲವೇ ಜನ, ಬಿಡದೆ ಉಳಿದುಕೊಂಡವರು ಅದಕ್ಕಿಂತಲೂ ಕಡಿಮೆ. ಶನಿವಾರವೇ ಅವರಿಗೆ ಹೆಚ್ಚಿನ ದುಡಿಮೆಯ ದಿನ. ಮಧ್ಯಾಹ್ನದ ವೇಳೆ ಬದಲಾಯಿಸಿದ್ದರಿಂದ ಅವರಿಗೆ ಏನೂ ಆಗಲಿಲ್ಲ. ಮುಂದಿನ ವರ್ಷದ ಹೊಣೆ ಈಗ ಇಬ್ಬರ ಕೈಯಲ್ಲಿದೆ, ಒಬ್ಬಳು ಉಪ್ಪಿನ ಬೆಟಗೇರಿಯವಳು, ಇನ್ನೊಬ್ಬ ಹಾಸ್ಟೆಲಿನವನು. ಫಾರ್ಮುಗಳ ಕಟ್ಟು, ಬಸ್ಸಿನ ಪಟ್ಟಿ, ಯಾವ ಊರಲ್ಲಿ ಯಾವ ತಿಂಗಳು ಏನು ಸುಗ್ಗಿ ಅಂತ ಬರೆದ ಹಾಳೆ, ಎಲ್ಲ ಅವರಿಗೆ ಕೊಟ್ಟಿದ್ದೇನೆ. ಕೆಲಸಕ್ಕೆ ಹೋಗುವ ಹುಡುಗರಿಗಾಗಿ ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಕೆರೆಯ ಕೆಲಸ ಇಟ್ಟು ನೋಡುತ್ತೇವೆ ಅಂದಿದ್ದಾರೆ. ಅದಕ್ಕೆ ಮೊದಲು ಅಂಗಡಿಗಳಿಗೇ ಹೋಗಿ ಆ ಹುಡುಗರನ್ನು ಕೇಳುತ್ತಾರಂತೆ.